ಎಲ್ಲೂರು ದಾರಿಗೆ ತಿರುಗಿದ ಬೋರ್ಡು

2025ರ ಜನವರಿ 20, ಸೋಮವಾರ. ಬೆಳಿಗ್ಗೆ ಹತ್ತೂವರೆಗೆ ಕಾಪು ಠಾಣೆಯೊಳಗೆ ಬಂದ ಡೆನ್ವರ್ ಕುರ್ಚಿಯಲ್ಲಿ ಕೂರುವ ಮೊದಲೇ ದೂರು ಹೇಳಲು ಶುರುಮಾಡಿದ. ಉದ್ಯಾವರದಲ್ಲಿ ಅವನದೊಂದು ಹೋಮ್‌ಸ್ಟೇ. ಹೊರ ಜಿಲ್ಲೆಗಳಿಂದ ಸ್ವಂತ ಗಾಡಿಯಲ್ಲಿ ಬಂದವರಿಗೆ ಒಂದು ದಿನದ ಸುತ್ತಾಟ ಹೇಳಿಕೊಡುವುದೂ ಅವನ ಕೆಲಸ: ಬೆಳಿಗ್ಗೆ ಉಡುಪಿಯ ರಥಬೀದಿ, ಆಮೇಲೆ ಕಾಪುವಿನ ದೀಪಸ್ತಂಭ, ಮಧ್ಯಾಹ್ನದ ಮೇಲೆ ಕಾರ್ಕಳದ ಗೊಮ್ಮಟ ಮತ್ತು ಚತುರ್ಮುಖ ಬಸದಿ, ವಾಪಸು ಬರುವಾಗ ಮಣಿಪಾಲ.

"ಕೆಲವು ವಾರದಿಂದ ನನ್ನ ಗೆಸ್ಟ್‌ಗಳು ಲೈಟ್‌ಹೌಸಿಗೆ ತಲುಪುವುದೇ ಇಲ್ಲ ಮೇಡಂ. ಸರ್ವಿಸ್ ರಸ್ತೆ ಕವಲೊಡೆಯುವಲ್ಲಿ ಕಂದು ಬೋರ್ಡು ಉಂಟಲ್ವಾ, ಅದನ್ನು ಯಾರೋ ತಿರುಗಿಸ್ತಾರೆ. ಸಮುದ್ರದ ಕಡೆಗೆ ಇರಬೇಕಾದ ಬಾಣ ಎಲ್ಲೂರಿನ ಕಡೆಗೆ ಆಗ್ತದೆ."

"ಅವರು ಮ್ಯಾಪ್ ನೋಡುವುದಿಲ್ಲವೇ?" ಎಂದು ಕೇಳಿದರು ಪಿಎಸ್ಐ ಸುಭಾಷಿಣಿ.

"ಹೈವೇ ಕೆಲಸದಲ್ಲಿ ಮ್ಯಾಪಿಗೇ ತಲೆ ತಿರುಗಿದೆ. ಅಲ್ಲಿ ಎಲ್ಲರೂ ಬೋರ್ಡು ನೋಡಿಯೇ ಹೋಗುವುದು."

"ಎಷ್ಟು ಗಾಡಿ ತಪ್ಪಿವೆ?"

"ಅದೇ ವಿಚಿತ್ರ. ದಿನಕ್ಕೆ ಒಂದೇ."

ಸುಭಾಷಿಣಿಯ ಪೆನ್ನು ನಿಂತಿತು. ಅವರು ಪ್ರೊಬೇಷನ್ ಮುಗಿಯಲಿಕ್ಕಿದ್ದ ಪಿಎಸ್ಐ. ಹರಿಹರದ ಬಟ್ಟೆ ಅಂಗಡಿಯೊಂದರಲ್ಲಿ ಹಗಲು ದುಡಿದು, ಸಂಜೆ ಕಾಲೇಜಿನಲ್ಲಿ ಪದವಿ ಮುಗಿಸಿ ಈ ಕೆಲಸಕ್ಕೆ ಬಂದವರು. ಬರೆದದ್ದನ್ನು ಮೂರು ಸಲ ಓದದೆ ಸಹಿ ಹಾಕಿದವರಲ್ಲ. ತಪ್ಪಿದರೆ ಎಲ್ಲ ಗಾಡಿಗಳೂ ತಪ್ಪಬೇಕು. ಒಂದೇ ಯಾಕೆ?

ಅದೇ ಪ್ರಶ್ನೆಯನ್ನು ಸರ್ಕಲ್ ಇನ್ಸ್‌ಪೆಕ್ಟರ್ ಫೋನಿನಲ್ಲಿ ಬೇರೆ ರೀತಿ ಕೇಳಿದರು. "ಒಂದೊಂದೇ ಗಾಡಿಯನ್ನು ಒಳದಾರಿಗೆ ಕಳಿಸುವುದು ಅಂದರೆ ಯಾರೋ ದರೋಡೆಗೆ ಅಭ್ಯಾಸ ಮಾಡುತ್ತಿರಬಹುದು. ಶನಿವಾರ ಪ್ರವಾಸೋದ್ಯಮ ದಿನ, ಕಾರ್ ರ‍್ಯಾಲಿ ಉಂಟು ಅಂತ ಗೊತ್ತಲ್ಲ? ಹೊರ ಊರಿನ ಗಾಡಿಗಳು, ಮ್ಯಾಪ್ ಇಲ್ಲದೆ ಬರೀ ಬೋರ್ಡು ನೋಡಿ ಓಡಿಸುವ ಸ್ಪರ್ಧೆ. ಅಷ್ಟರೊಳಗೆ ಮುಗಿಸಿ. ನಿಮ್ಮ ಪ್ರೊಬೇಷನ್ ವರದಿ ನನ್ನ ಮೇಜಿನ ಮೇಲೆಯೇ ಉಂಟು."

ಸುಭಾಷಿಣಿ ಸರ್ಕಾರಿ ಸೂಚನಾ ಫಲಕದ ದುರ್ಬಳಕೆ ಎಂದು ಎಫ್‌ಐಆರ್ ದಾಖಲಿಸಿಕೊಂಡರು. ಮಧ್ಯಾಹ್ನ ಎರಡಕ್ಕೆ ಹೆಡ್ ಕಾನ್‌ಸ್ಟೆಬಲ್ ಅಣ್ಣು ಅವರೊಂದಿಗೆ ಸ್ಥಳಕ್ಕೆ ಹೋದರೆ, ಬೋರ್ಡು ಸರಿಯಾಗಿಯೇ ಇತ್ತು. ಬಾಣ ಸಮುದ್ರದ ಕಡೆಗೆ.

"ಎಂತ ಪಂಚನಾಮೆ ಮಾಡುವುದು ಮೇಡಂ? ಬೋರ್ಡು ನೆಟ್ಟಗೆ ನಿಂತಿದೆ ಅಂತಲೇ?" ಅಣ್ಣು ನಕ್ಕರು. ಐವತ್ತೈದರ ಅಣ್ಣು ಎಲ್ಲೂರಿನ ಹತ್ತಿರದವರು. ಊಟದ ಹೊತ್ತು ತಪ್ಪಿದರೆ ಮಾತ್ರ ಅವರಿಗೆ ಸಿಟ್ಟು ಬರುತ್ತಿತ್ತು.

ಸುಭಾಷಿಣಿ ಬೋರ್ಡಿನ ಬುಡದಲ್ಲಿ ಕುಕ್ಕರಗಾಲಲ್ಲಿ ಕುಳಿತರು. ರಸ್ತೆ ಕೆಲಸ ಮುಗಿಯುವ ತನಕ ಇರಲಿ ಎಂದು ಕಂಬವನ್ನು ಹಳೆಯ ಟಯರಿನೊಳಗೆ ಸಿಮೆಂಟು ತುಂಬಿಸಿ ನಿಲ್ಲಿಸಿದ್ದರು. ಟಯರಿನ ಸುತ್ತ ಕೆಂಪು ಮಣ್ಣು ಬೀಸುಕಲ್ಲು ತಿರುವಿದ ಹಾಗೆ ನುಣ್ಣಗೆ ಅರೆದುಹೋಗಿತ್ತು. ತಿರುಗಿಸಿದ್ದು ನಿಜ. ತಿರುಗಿಸಿದವನು ಮತ್ತೆ ಸರಿಮಾಡಿ ಹೋಗುತ್ತಾನೆ ಎಂಬುದೂ ನಿಜ.

ಪಂಚನಾಮೆಗೆ ಸಾಕ್ಷಿಗಳಾಗಿ ಇಬ್ಬರು ಪಂಚರು ಬೇಕಿತ್ತು. ಕವಲಿನಲ್ಲಿದ್ದದ್ದು ಒಂದು ಕಬ್ಬಿನ ಹಾಲಿನ ಗಾಡಿ, ಒಂದು ಪಂಚರ್ ಅಂಗಡಿ. ಅಣ್ಣು ಪಂಚರ್ ಅಂಗಡಿಯ ಭೋಜನನ್ನೂ ಕಬ್ಬಿನ ಹಾಲಿನವನನ್ನೂ ಕರೆತಂದರು. ಭೋಜ ಅರವತ್ತರ ಅಂಚಿನ ಮನುಷ್ಯ. ಕೈಯ ಗ್ರೀಸನ್ನು ಲುಂಗಿಗೆ ಒರೆಸಿ, ಪೂರ್ತಿ ಓದಿಸಿಕೊಂಡು, ಮೊದಲ ಸಹಿ ಹಾಕಿದ. ಇಂಥ ಜವಾಬ್ದಾರಿಯ ಪಂಚ ಸಿಗುವುದು ಅಪರೂಪ ಎಂದುಕೊಂಡರು ಸುಭಾಷಿಣಿ.

"ಬಾಣ ತಿರುಗಿದರೆ ಗಾಡಿ ಎಲ್ಲಿಗೆ ಹೋಗ್ತದೆ, ಅಣ್ಣು ಅವರೇ?"

"ಹಳೇ ದಾರಿಗೆ. ಅಲ್ಲಿ ಎಂತ ಉಂಟು? ಒಂದು ಅರವಟ್ಟಿಗೆ."

ಎರಡು ತಿರುವು ದಾಟಿದ ಮೇಲೆ ಅದು ಕಾಣಿಸಿತು. ಜೀಪಿನಿಂದ ಇಳಿದ ಸುಭಾಷಿಣಿ ಒಂದು ಗಳಿಗೆ ತನಿಖೆ ಮರೆತು ನಿಂತರು. ಕೆಂಪು ಮುರಕಲ್ಲಿನ ಜಗಲಿ, ನಾಲ್ಕು ಕಲ್ಲುಕಂಬ, ಮೇಲೆ ಹಂಚಿನ ಮಾಡು. ಪಕ್ಕದಲ್ಲಿ ದನಗಳಿಗೆ ನೀರು ತುಂಬುವ ಕಲ್ಲಿನ ಮರಿಗೆ. ಎದುರಿಗೆ ಆಳೆತ್ತರಕ್ಕೆ ಒಂದು ಅಡ್ಡಗಲ್ಲು, ನಡೆದು ಬಂದವರು ಬೇರೆಯವರ ಸಹಾಯ ಇಲ್ಲದೆ ತಲೆಹೊರೆ ಇಳಿಸಿಡಲು. ಕರಾವಳಿಯಿಂದ ಕಾರ್ಕಳಕ್ಕೆ ಜನ ನಡೆದು ಹೋಗುತ್ತಿದ್ದ ಕಾಲದ ಕಟ್ಟಡ. ಕಾಪುವಿಗೆ ಬಂದು ವರ್ಷವಾದರೂ ಸುಭಾಷಿಣಿ ಡ್ಯೂಟಿಯ ಗಡಿಬಿಡಿಯಲ್ಲಿ ದೀಪಸ್ತಂಭವನ್ನೇ ಹತ್ತಿರದಿಂದ ನೋಡಿರಲಿಲ್ಲ. ಇದು ಇರುವುದೇ ಗೊತ್ತಿರಲಿಲ್ಲ.

ಜಗಲಿಯ ಹಿಂದಿನ ಮನೆಯಿಂದ ಹೆಂಗಸೊಬ್ಬರು ತಟ್ಟೆಯಲ್ಲಿ ಬೆಲ್ಲದ ತುಂಡು, ತಂಬಿಗೆಯಲ್ಲಿ ನೀರು ತಂದರು. ಅರವಟ್ಟಿಗೆ ನೋಡಿಕೊಳ್ಳುವ ಕುಶಲಾ.

"ಬಾಯಾರಿಕೆಗೆ ತೆಗೊಳ್ಳಿ ಮಗಾ."

"ಬೇಡಮ್ಮ. ತನಿಖೆಗೆ ಬಂದಾಗ ನಾವು ಏನೂ ತೆಗೆದುಕೊಳ್ಳುವ ಹಾಗಿಲ್ಲ."

ಕುಶಲಾ ಅವರ ಮುಖ ಸಪ್ಪಗಾಯಿತು. "ಇರಲಿ. ಹೇಗೂ ಇವತ್ತಿನವರು ಬಂದಾಯಿತು."

"ನನಗೆ ಕೊಡಿ ಅಕ್ಕ, ಮೇಡಮಿನದ್ದೂ ಇರಲಿ," ಎಂದು ಅಣ್ಣು ಎರಡೂ ತುಂಡು ಬಾಯಿಗೆ ಹಾಕಿಕೊಂಡರು.

"ಇಲ್ಲಿ ಬರುವ ಗಾಡಿಗಳನ್ನು ಯಾರಾದರೂ ನಿಲ್ಲಿಸುತ್ತಾರೆಯೇ? ದುಡ್ಡು ಕೇಳುತ್ತಾರೆಯೇ?"

"ಇಲ್ಲಪ್ಪ. ಹೈವೇ ಮಾಡಿದ ಮೇಲೆ ಬಸ್ಸೂ ಇಲ್ಲ, ಜನವೂ ಇಲ್ಲ ಆಗಿತ್ತು. ಈಗ ದೇವರ ದಯೆಯಿಂದ ದಿನಕ್ಕೆ ಒಬ್ಬರಾದರೂ ಬರ್ತಾರೆ."

ಮರುದಿನ ಮತ್ತು ಬುಧವಾರ ಬೆಳಗ್ಗೆಲ್ಲ ಬಂದೋಬಸ್ತ್ ಡ್ಯೂಟಿ. ಕವಲಿಗೆ ಹೋಗಲು ಬಿಡುವಾದದ್ದು ಮಧ್ಯಾಹ್ನದ ಮೇಲೆಯೇ. ಆಗೆಲ್ಲ ಬೋರ್ಡು ನೆಟ್ಟಗೆ. ಬುಧವಾರ ಮೂರು ಗಂಟೆಗೆ ಡೆನ್ವರ್ ಫೋನ್ ಮಾಡಿದ. ಗದಗದ ಗಂಡ ಹೆಂಡತಿ ಆ ದಿನ ದಾರಿ ತಪ್ಪಿದ್ದರು, ಈಗ ಕಾರ್ಕಳದ ಬಸದಿಯಲ್ಲಿದ್ದಾರೆ ಎಂದ.

ಚತುರ್ಮುಖ ಬಸದಿಯ ಬಂಡೆಯನ್ನು ಏದುಸಿರು ಬಿಡುತ್ತ ಹತ್ತಿದ ಅಣ್ಣು, ಕಟ್ಟಡವನ್ನು ಒಂದು ಸುತ್ತು ಹಾಕಿ ಬಂದರು. "ಇದನ್ನು ಕಟ್ಟಿದವರು ಜಾಣರು ಮೇಡಂ. ನಾಲ್ಕೂ ಕಡೆ ಒಂದೇ ಥರದ ಬಾಗಿಲು. ಬೋರ್ಡು ಎತ್ತ ತಿರುಗಿಸಿದರೂ ಇಲ್ಲಿ ದಾರಿ ತಪ್ಪುವುದಿಲ್ಲ."

ಎದುರಿನ ಗುಡ್ಡದ ಮೇಲೆ ಗೊಮ್ಮಟ ಬಿಸಿಲು ಕಾಯುತ್ತ ನಿಂತಿದ್ದ. ಗದಗದ ನಿವೃತ್ತ ಮೇಷ್ಟ್ರು ಮೆಟ್ಟಿಲ ಮೇಲೆ ಕುಳಿತು ಹೇಳಿಕೆ ಕೊಟ್ಟರು.

"ಏನಾದರೂ ಕಳುವಾಯಿತೇ?"

"ಇಲ್ರೀ. ಬೆಲ್ಲ ಕೊಟ್ರು, ತಣ್ಣನ ನೀರು ಕೊಟ್ರು. ನಮ್ಮಾಕಿ ಆ ಜಗಲಿ ಮ್ಯಾಲೆ ಅರ್ಧ ತಾಸು ನಿದ್ದಿ ಮಾಡಿದ್ಲು."

"ದಾರಿ ತಪ್ಪಿಸಿದವರ ಮೇಲೆ ನಿಮ್ಮ ದೂರು ಉಂಟೇ?"

"ಸಿಕ್ಕರ ನಮ್ಮ ನಮಸ್ಕಾರ ಹೇಳ್ರಿ."

"ಅದನ್ನು ಬರೆದುಕೊಳ್ಳಲು ಬರುವುದಿಲ್ಲ ಸರ್," ಎಂದರು ಸುಭಾಷಿಣಿ. ಆದರೂ ಬರೆದುಕೊಂಡರು.

ಗುರುವಾರ ಸಂಜೆ ಪರ್ಕಳದಲ್ಲಿ ಎರಡನೆಯ ಹೇಳಿಕೆ. ಬಳ್ಳಾರಿಯ ಭಾವನಾ ಅಲ್ಲಿ ಬಾಡಿಗೆ ರೂಮಿನಲ್ಲಿದ್ದು ಮಣಿಪಾಲದಲ್ಲಿ ಓದುತ್ತಿದ್ದಳು. ಊರಿನಿಂದ ತಂದ ಸ್ಕೂಟರಿನಲ್ಲಿ ಹಿಂದಿನ ವಾರ ದೀಪಸ್ತಂಭಕ್ಕೆಂದು ಹೊರಟು ಅರವಟ್ಟಿಗೆ ಸೇರಿದ್ದಳು; ಅವಳ ವಿಷಯ ತಿಳಿಸಿದ್ದೂ ಡೆನ್ವರನೇ. ಅಲ್ಲಿ ತೆಗೆದ ಫೋಟೋಗಳನ್ನು ಒಂದೊಂದಾಗಿ ತೋರಿಸಿದಳು. ಅಣ್ಣು ಆಸೆಯಿಂದ ನೋಡಿದ್ದು ಬೆಲ್ಲದ ಫೋಟೋ.

"ನಿನ್ನ ಹಿಂದೆ ಬೇರೆ ಗಾಡಿ ಬಂತೇ?"

"ನನ್ನ ಹಿಂದೆ ಒಂದು ಉಡುಪಿ ಕಾರು ಇತ್ತು ಮೇಡಂ. ಅದು ಸೀದಾ ಬೀಚಿಗೆ ಹೋಯ್ತು."

ಮಣಿಪಾಲದ ಗುಡ್ಡ ಇಳಿಯುವಾಗ ಸುಭಾಷಿಣಿ ಜೀಪು ನಿಲ್ಲಿಸಲು ಹೇಳಿದರು. ಕೆಳಗೆ ತೆಂಗಿನ ತೋಟಗಳಾಚೆ ಸಮುದ್ರ ಹೊಳೆಯುತ್ತಿತ್ತು.

"ಅಣ್ಣು ಅವರೇ, ತಪ್ಪಿದ ಗಾಡಿಗಳೆಲ್ಲ ಗದಗ, ಬಳ್ಳಾರಿ. ನಮ್ಮ ಜಿಲ್ಲೆಯ ನಂಬರಿನದ್ದು ಒಂದೂ ಇಲ್ಲ. ಬೋರ್ಡಿನ ಹತ್ತಿರ ಕೂತು ಯಾರೋ ನಂಬರ್ ಪ್ಲೇಟ್ ಓದುತ್ತಾರೆ. ಹೊರಗಿನ ಗಾಡಿ ಬಂದರೆ ತಿರುಗಿಸುತ್ತಾರೆ. ಅದು ಒಳಗೆ ಹೋದ ಕೂಡಲೇ ಸರಿಮಾಡುತ್ತಾರೆ. ಕುಶಲಾ ಅಮ್ಮ ಅವತ್ತು ಏನೋ ಅಂದರಲ್ಲ? ಇವತ್ತಿನವರು ಬಂದಾಯಿತು ಅಂತ."

ಅಣ್ಣು ತಲೆ ಮೇಲಿನ ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡರು. "ಅರವಟ್ಟಿಗೆಯವರದ್ದು ಒಂದು ಕ್ರಮ ಉಂಟು ಮೇಡಂ. ನಾನು ಸಣ್ಣವನಿರುವಾಗ ಕೇಳಿದ್ದು. ದೂರದಿಂದ ಬಂದ ದಾರಿಹೋಕರು ಒಬ್ಬರಾದರೂ ಬೆಲ್ಲ ತಿಂದು ನೀರು ಕುಡಿಯದೆ ಆ ಮನೆಯವರು ಮಧ್ಯಾಹ್ನ ಉಣ್ಣುವ ಹಾಗಿಲ್ಲ. ನಾವು ಊರಿನವರು ಎಷ್ಟು ತಿಂದರೂ ಪ್ರಯೋಜನ ಇಲ್ಲ. ಕರೆದು ತಂದವರೂ ಆಗುವುದಿಲ್ಲ."

"ಆ ಅಮ್ಮನಿಗೆ ಯಾರಿದ್ದಾರೆ?"

"ತಮ್ಮ ಇದ್ದಾನಲ್ಲ, ಆ ಕವಲಿನಲ್ಲಿ..." ಅಣ್ಣು ಬಾಯಿ ತೆರೆದೇ ಉಳಿದರು. "ಅಯ್ಯೋ ಮಾರಾಯ್ರೆ. ನಮ್ಮ ಪಂಚ."

ಸುಭಾಷಿಣಿ ಕಡತ ತೆರೆದು ಪಂಚನಾಮೆಯ ಪುಟ ತೆಗೆದರು. ಪ್ರಕರಣದ ಮೊದಲ ಪಂಚನಾಮೆಗೆ ಮೊದಲ ಸಹಿ ಆರೋಪಿಯದ್ದು.

24ರಂದು, ಶುಕ್ರವಾರ, ಅವರು ಸಮವಸ್ತ್ರ ತೊಡಲಿಲ್ಲ. ಹರಿಹರದಿಂದ ತಂದಿದ್ದ ತಮ್ಮ ಸ್ಕೂಟರಿಗೆ ಇನ್ನೂ ದಾವಣಗೆರೆಯ ನಂಬರೇ ಇತ್ತು. ಚೂಡಿದಾರ, ಹೆಲ್ಮೆಟ್, ಬೆನ್ನಿಗೊಂದು ಚೀಲ. ಅಣ್ಣು ಮಫ್ತಿಯಲ್ಲಿ ಕಬ್ಬಿನ ಹಾಲಿನ ಗಾಡಿಯ ಹಿಂದೆ ಕುಳಿತರು. ಹನ್ನೊಂದೂವರೆಯ ಹೊತ್ತಿಗೆ ಸುಭಾಷಿಣಿ ಸರ್ವಿಸ್ ರಸ್ತೆಯಲ್ಲಿ ನಿಧಾನಕ್ಕೆ ಬಂದರು. ದೂರದಿಂದಲೇ ಕಂಡಿತು. ಲುಂಗಿ ಎತ್ತಿ ಕಟ್ಟಿದ ಮನುಷ್ಯ ಅಂಗಡಿಯಿಂದ ಓಡಿ ಬಂದ, ಕಂಬವನ್ನು ತಬ್ಬಿದ, ನೃತ್ಯ ಮಾಡಿದ ಹಾಗೆ ಒಂದು ಸುತ್ತು ಹೊಡೆದ, ವಾಪಸು ಓಡಿದ. ಹೆಲ್ಮೆಟ್ಟಿನೊಳಗೆ ಸುಭಾಷಿಣಿಗೆ ನಗು ತಡೆಯಲಾಗಲಿಲ್ಲ. ಬಾಣ ತೋರಿಸಿದತ್ತ ಸ್ಕೂಟರ್ ತಿರುಗಿಸಿದರು. ಬೋರ್ಡು ಎಲ್ಲಿಗೆ ಕಳಿಸುತ್ತದೆ ಎಂಬುದಕ್ಕೆ ಸಾಕ್ಷಿ ಬೇಕಲ್ಲ.

ಅರವಟ್ಟಿಗೆಯಲ್ಲಿ ಕುಶಲಾ ಜಗಲಿಯ ತುದಿಗೆ ಕುಳಿತು ದಾರಿ ನೋಡುತ್ತಿದ್ದರು. ಹೆಲ್ಮೆಟ್ ತೆಗೆದ ಮೇಲೆ ಗುರುತು ಹಿಡಿದರು.

"ಓ, ಟೋಪಿಯ ಮೇಡಂ ಅಲ್ವಾ? ನಿಮ್ಮದು ಊರು ಯಾವುದು ಮಗಾ?"

"ಹರಿಹರ."

"ಇಲ್ಲಿಗೆ ಯಾರಾದರೂ ಕರೆದರಾ?"

"ಇಲ್ಲಮ್ಮ. ಬೋರ್ಡು ನೋಡಿಕೊಂಡು ಬಂದೆ."

ಕುಶಲಾ ಒಳಗಿನಿಂದ ತಟ್ಟೆ ತಂದರು. ಬೆಲ್ಲದ ತುಂಡು ಕಪ್ಪಗೆ ಹೊಳೆಯುತ್ತಿತ್ತು. ಸುಭಾಷಿಣಿ ಕೈ ಮುಂದೆ ಮಾಡಿ ಹಿಂದೆ ತೆಗೆದರು. ನಿಯಮ ನಿಯಮವೇ. ಅಷ್ಟರಲ್ಲಿ ಜೀಪು ಬಂದು ತಿರುವಿನಲ್ಲಿ ನಿಂತಿತು. ಸುಭಾಷಿಣಿ "ಈಗ ಬಂದೆ" ಎಂದು ಅತ್ತ ನಡೆದರು. ಅಣ್ಣು ಅವರ ಪಕ್ಕದಲ್ಲಿ ಭೋಜ ತಲೆ ತಗ್ಗಿಸಿ ಕುಳಿತಿದ್ದ.

"ಬೋರ್ಡು ತಿರುಗಿಸಿದ್ದು ನೀನೇ?"

"ಹೌದು."

"ಪಂಚನಾಮೆಗೆ ಸಹಿ ಹಾಕಿದ್ದು ಯಾಕೆ?"

"ನೀವು ಕರೆದಿರಿ. ಇಲ್ಲ ಅಂದರೆ ಸಂಶಯ ಬರ್ತಿತ್ತು."

"ಯಾಕೆ ತಿರುಗಿಸಿದೆ?"

ಭೋಜ ಜಗಲಿಯ ಕಡೆ ನೋಡಿ ದನಿ ತಗ್ಗಿಸಿದ. "ಅಕ್ಕನಿಗೆ ಶುಗರ್ ಉಂಟು. ಬಸ್ಸು ನಿಂತ ಮೇಲೆ ಈ ದಾರಿಯಲ್ಲಿ ಯಾರು ಬರ್ತಾರೆ? ಸಂಜೆ ತನಕ ಉಣ್ಣದೆ ಕೂತು, ಒಂದು ದಿನ ಕಲ್ಲಿನ ಮರಿಗೆಯ ಹತ್ತಿರ ತಲೆ ತಿರುಗಿ ಬಿದ್ದಳು. ಕ್ರಮ ಬಿಡು ಅಂದರೆ ಬಿಡುವುದಿಲ್ಲ. ಅವಳಿಗೆ ಬೋರ್ಡಿನ ವಿಷಯ ಗೊತ್ತಿಲ್ಲ. ಗೊತ್ತಾದರೆ ನಾಳೆಯಿಂದ ಬಂದವರನ್ನೂ ಲೆಕ್ಕಕ್ಕೆ ಹಿಡಿಯಲಿಕ್ಕಿಲ್ಲ." ಆಮೇಲೆ ಕೇಳಿದ. "ಮೇಡಂ, ನೀವು ಬೆಲ್ಲ ತಿಂದಿರಾ?"

ಸುಭಾಷಿಣಿ ಜಗಲಿಗೆ ಮರಳಿ ಬಂದು ತಟ್ಟೆಯ ಬೆಲ್ಲ ಬಾಯಿಗಿಟ್ಟುಕೊಂಡರು. ತಂಬಿಗೆ ಎತ್ತಿ ನೀರು ಕುಡಿದರು. ಬಾವಿಯ ನೀರು ಎದೆಯವರೆಗೂ ತಣ್ಣಗೆ ಇಳಿಯಿತು.

"ಇನ್ನು ನೀವು ಊಟ ಮಾಡಿ ಅಮ್ಮ. ನಿಮ್ಮ ತಮ್ಮನ ಹತ್ತಿರ ಒಂದು ಬೋರ್ಡಿನ ವಿಷಯ ಕೇಳಲಿಕ್ಕುಂಟು, ಠಾಣೆಗೆ ಕರೆದುಕೊಂಡು ಹೋಗುತ್ತೇನೆ."

"ಅವನಿಗೆ ಟಯರು ಬಿಟ್ಟು ಎಂತ ಗೊತ್ತುಂಟು?" ಕುಶಲಾ ನಗುತ್ತ ಒಳಗೆ ಹೋದರು. ಬಟ್ಟಲಿಗೆ ಗಂಜಿ ಬಡಿಸುವ ಸದ್ದು ಕೇಳಿಸಿತು.

ಬಂಧನದ ಮೆಮೊ ಬರೆಯುವಾಗ ಸುಭಾಷಿಣಿ ಕೇಳಿದರು: "ಬಂಧನದ ವಿಷಯ ಯಾರಿಗೆ ತಿಳಿಸಬೇಕು? ಸಂಬಂಧಿಕರಲ್ಲಿ ಯಾರನ್ನು ಬೇಕಾದರೂ ಹೇಳಬಹುದು. ಅಕ್ಕನೇ ಆಗಬೇಕೆಂದು ಕಾನೂನಿನಲ್ಲಿ ಇಲ್ಲ." ಭೋಜ ಅವರ ಮುಖವನ್ನೇ ನೋಡಿದ. ಕಾಪುವಿನಲ್ಲಿದ್ದ ಮಗಳ ಗಂಡ ತಿಲಕ್‌ನ ಹೆಸರು ಹೇಳಿದ. ಜಾಮೀನು ಸಿಗುವ ಅಪರಾಧವಾದ್ದರಿಂದ ಸಂಜೆಯೊಳಗೆ ಠಾಣೆಯಲ್ಲೇ ಜಾಮೀನಾಯಿತು. ಇಬ್ಬರು ಜಾಮೀನುದಾರರಲ್ಲಿ ಒಬ್ಬ ತಿಲಕ್. ಇನ್ನೊಬ್ಬ, ವಿಷಯ ಕೇಳಿ ಉದ್ಯಾವರದಿಂದ ಧಾವಿಸಿ ಬಂದ ಡೆನ್ವರ್.

"ನೀವು ದೂರುದಾರರು," ಎಂದರು ಸುಭಾಷಿಣಿ.

"ದೂರು ಬೇರೆ, ಜಾಮೀನು ಬೇರೆ ಮೇಡಂ. ಇಂಥ ಜಾಗ ಮೊದಲೇ ಗೊತ್ತಿದ್ದರೆ ನಾನೇ ಗೆಸ್ಟ್‌ಗಳಿಗೆ ಹೇಳ್ತಿದ್ದೆ. ಇನ್ನು ಹೇಳ್ತೇನೆ. ದಾರಿ ಹೇಳುವುದು ನನ್ನ ಕೆಲಸ, ಹೋಗುವುದು ಬಿಡುವುದು ಅವರ ಇಷ್ಟ. ಅದು ಕರೆದು ತಂದ ಹಾಗೆ ಆಗುವುದಿಲ್ಲ ಅಲ್ವಾ?"

ಅಣ್ಣು ಗಂಭೀರವಾಗಿ ಯೋಚಿಸಿ, ಆಗುವುದಿಲ್ಲ ಎಂದು ತೀರ್ಪು ಕೊಟ್ಟರು.

ಪಂಚನ ಸಹಿಯ ವಿಷಯವನ್ನು ಸುಭಾಷಿಣಿ ತಾವಾಗಿಯೇ ಸರ್ಕಲ್ ಇನ್ಸ್‌ಪೆಕ್ಟರಿಗೆ ಫೋನಿನಲ್ಲಿ ತಿಳಿಸಿದರು. ಆ ಕಡೆಯಿಂದ ಬಹಳ ಹೊತ್ತು ಬರೀ ನಗು ಕೇಳಿಸಿತು. "ಹೊಸ ಪಂಚನಾಮೆ ಮಾಡಿ, ಕಾರಣ ಬರೆದು ಇಡಿ," ಎಂದರು ಕೊನೆಗೆ. "ಮತ್ತೆ ಎಂತ ಉಂಟು?"

"ಬೆಲ್ಲ ತಿಂದಿದ್ದೇನೆ ಸರ್. ಕೇಸ್ ಡೈರಿಯಲ್ಲಿ ದಾಖಲಿಸಿದ್ದೇನೆ."

"ರುಚಿ ಇತ್ತಾ?"

"ಇತ್ತು ಸರ್."

ಶನಿವಾರ ರ‍್ಯಾಲಿಯ ಗಾಡಿಗಳು ಒಂದೂ ತಪ್ಪದೆ ದೀಪಸ್ತಂಭಕ್ಕೆ ತಲುಪಿದವು. ಬಂದೋಬಸ್ತಿಗಿದ್ದ ಸುಭಾಷಿಣಿ ಬಂಡೆಯ ಬುಡದಲ್ಲಿ ನಿಂತು ಮೊದಲ ಸಲ ಅದನ್ನು ತಲೆಯೆತ್ತಿ ನೋಡಿದರು. ಅಲ್ಲಿಂದ ಕಾರ್ಕಳಕ್ಕೆ ಹೊರಟ ಗಾಡಿಗಳಲ್ಲಿ ನಾಲ್ಕೈದು, ಡೆನ್ವರ್ ಹೇಳಿದ್ದನ್ನು ಕೇಳಿಕೊಂಡು, ಹಳೇ ದಾರಿ ಹಿಡಿದವು.

ಅಂದು ಸಂಜೆ ಅವರು ಅಂತಿಮ ವರದಿಯ ಕರಡು ಬರೆಯಲು ಕುಳಿತರು. ಕೃತ್ಯದ ಉದ್ದೇಶ ಬರೆಯಬೇಕಾದ ಜಾಗದಲ್ಲಿ ಮೊದಲು ಒಂದು ಪುಟ ಬರೆದರು. ಮೂರು ಸಲ ಓದಿದರು. ಎಲ್ಲವನ್ನೂ ಹೊಡೆದು ಹಾಕಿ, ಬದಲಿಗೆ ಒಂದೇ ಸಾಲು ಬರೆದರು: "ಅಕ್ಕನಿಗೆ ಹೊತ್ತಿಗೆ ಸರಿಯಾಗಿ ಊಟವಾಗಲೆಂದು."