ಒಂದು ಬ್ಲಾಕಿನ ಆರು ಮುಖಗಳು

"ದೊಡ್ಡಮ್ಮ, ಆ ಮಗು ಮಾತು ಬಿಟ್ಟಿದೆ."

ಶಿಕ್ಷಣ ಮನೋವಿಜ್ಞಾನ ಓದುತ್ತಿದ್ದ ಹುಡುಗಿ ಹಾಸ್ಟೆಲ್ ವಾರ್ಡನ್ ಕೋಣೆಯ ಬಾಗಿಲಲ್ಲೇ ಇಷ್ಟು ಹೇಳಿ ಗೋಡೆಗೆ ಒರಗಿದಳು. ವಾರ್ಡನ್ನನ್ನು ಎಲ್ಲರೂ ದೊಡ್ಡಮ್ಮ ಎಂದೇ ಕರೆಯುತ್ತಿದ್ದರು. ನಿವೃತ್ತಿಗೆ ಮುಂಚೆ ತರ್ಕಶಾಸ್ತ್ರ ಕಲಿಸುತ್ತಿದ್ದವರು. ವಿಶ್ವವಿದ್ಯಾಲಯದಲ್ಲಿ ಏನೇ ಎಡವಟ್ಟಾದರೂ ಜನ ಪೊಲೀಸರಿಗಿಂತ ಮೊದಲು ಅವರ ಬಾಗಿಲು ತಟ್ಟುತ್ತಿದ್ದರು. ಅಂಕಿಅಂಶ ಹೇಳಿಕೊಡುವ ನಾನು ಅವರ ನೆರಳಿನ ಹಾಗೆ ಜೊತೆಗಿರುತ್ತಿದ್ದೆ.

ಹುಡುಗಿ ಹೇಳಿದ್ದು ಇಷ್ಟು. ಪೌರಕಾರ್ಮಿಕರ ಕಾಲೊನಿಯ ಪುಟ್ಟಿ ಎಂಬ ಮಗುವಿಗೆ ಅವಳು ವಿದ್ಯಾರ್ಥಿಗಳ ಅಭ್ಯಾಸದ ಪೆಟ್ಟಿಗೆಯಿಂದ ಬುದ್ಧಿಶಕ್ತಿ ಪರೀಕ್ಷೆ ಮಾಡಿದ್ದಳು. ಕೆಂಪು, ಬಿಳಿ, ಅರ್ಧ ಕೆಂಪು ಅರ್ಧ ಬಿಳಿ ಮುಖಗಳಿರುವ ಮರದ ಬ್ಲಾಕುಗಳನ್ನು ಜೋಡಿಸಿ ಚಿತ್ರ ಮಾಡಬೇಕು. ಪುಟ್ಟಿ ಸರಸರನೆ ಮಾಡಿತ್ತು. ಆದರೆ ವಿಭಾಗದ ಅಸಲಿ ಪೆಟ್ಟಿಗೆಯಿಂದ ಅಲ್ಲಿನ ಸಂಶೋಧಕನೊಬ್ಬ ಪರೀಕ್ಷಿಸಿದಾಗ ಒಂದು ಸುಲಭದ ಚಿತ್ರ ಬಿಟ್ಟು ಉಳಿದದ್ದೆಲ್ಲ ಸೋತಿತು. ಈಗ ಮೊದಲ ಪರೀಕ್ಷೆಯಲ್ಲಿ ಹುಡುಗಿಯೇ ಹೇಳಿಕೊಟ್ಟಿದ್ದಳೆಂಬ ಆರೋಪ. ಮಗುವನ್ನು ಮಂದಬುದ್ಧಿ ಮಕ್ಕಳ ಶಾಲೆಗೆ ಸೇರಿಸಲು ಮಾರನೆಯ ದಿನವೇ ಸಭೆ. ಒಮ್ಮೆ ಅಲ್ಲಿಗೆ ಹೋದ ಮಗು ಮತ್ತೆ ಸಾಮಾನ್ಯ ಶಾಲೆಯ ಮೆಟ್ಟಿಲು ಹತ್ತಿದ್ದನ್ನು ನಾನಂತೂ ಕಂಡಿರಲಿಲ್ಲ.

ನಾವು ಪುಟ್ಟಿಯ ಮನೆಗೆ ಹೋದೆವು. ಅದರ ಅಜ್ಜಿ ನಮ್ಮನ್ನು ನೋಡಿ, "ಇನ್ನೂ ಏನು ಅಳೀಬೇಕು ಇದನ್ನ? ಬಟ್ಟೆ ಹೊಲಿಸ್ತೀರಾ?" ಎಂದಳು. ಮಗು ಮೂಲೆಯಲ್ಲಿ ಕೂತು ಬೆಂಕಿಪೊಟ್ಟಣವನ್ನು ಮೇಲೆ, ಕೆಳಗೆ, ಪಕ್ಕಕ್ಕೆ ತಿರುಗಿಸುತ್ತಿತ್ತು. ಒಂದು ಮುಖ ನೋಡಿದ ಮೇಲೆ ಇನ್ನೊಂದು, ಮತ್ತೆ ಮೊದಲಿನದು. ದೊಡ್ಡಮ್ಮ ಬಹಳ ಹೊತ್ತು ಅದನ್ನೇ ನೋಡಿದರು.

ಅಲ್ಲಿಂದ ನೇರ ಪ್ರಯೋಗಾಲಯಕ್ಕೆ. ಅಸಲಿ ಪೆಟ್ಟಿಗೆ ಬೀರುವಿನಲ್ಲಿರುತ್ತಿತ್ತು. ಒಂದು ಕೀಲಿ ವಿಭಾಗದ ಮುಖ್ಯಸ್ಥೆಯ ಬಳಿ, ಇನ್ನೊಂದು ಸಂಶೋಧಕನ ಬಳಿ. ಅವನು ತೆರೆದುಕೊಟ್ಟ. ತಾನು ನಿಯಮ ಮೀರಿಲ್ಲ, ಪರೀಕ್ಷೆಯ ವೇಳೆ ಮಗುವನ್ನು ನೋಡಿ ನಗಲೂ ಇಲ್ಲ, ಗಡಿಯಾರವನ್ನೇ ನೋಡುತ್ತಿದ್ದೆ ಎಂದ. ದೊಡ್ಡಮ್ಮ ಪ್ರತಿ ಬ್ಲಾಕಿನ ಮೂಲೆಯ ಮೇಲೂ ಹೆಬ್ಬೆರಳು ಎಳೆದರು. ಅವನನ್ನು ನೀರು ತರಲು ಕಳಿಸಿ, ಒಂದನ್ನು ತಮ್ಮ ಚೀಲಕ್ಕೆ ಹಾಕಿ, ಅಭ್ಯಾಸದ ಪೆಟ್ಟಿಗೆಯಿಂದ ಒಂದನ್ನು ಆ ಜಾಗಕ್ಕಿಟ್ಟರು.

ಸಭೆಗೆ ಅಜ್ಜಿ ಪುಟ್ಟಿಯನ್ನು ಕರೆದುಕೊಂಡು ಬಂದಿದ್ದಳು, ಹುಡುಗಿಯೂ ಇದ್ದಳು. ಮುಖ್ಯಸ್ಥೆಯೇ ಮೊದಲು ಮಾತಾಡಿದರು. ಮಂದಬುದ್ಧಿ ಮಕ್ಕಳ ಆ ಶಾಲೆಯನ್ನು ಕಟ್ಟಿಸಿದವರು ಅವರೇ. ಬಡವರ ಮಕ್ಕಳೆಂದರೆ ಅವರ ಕಣ್ಣು ತುಂಬುತ್ತಿತ್ತು, ಆವತ್ತೂ ತುಂಬಿತು.

ದೊಡ್ಡಮ್ಮ ಪೆಟ್ಟಿಗೆಯನ್ನು ಸಂಶೋಧಕನ ಮುಂದಿಟ್ಟು, ಮಗು ಸೋತ ಚಿತ್ರವನ್ನು ನೀನೇ ಜೋಡಿಸು ಎಂದರು. ಅವನು ಕೈಹಾಕುವ ಮೊದಲೇ ಮುಖ್ಯಸ್ಥೆ, "ಹಳೇ ಪೆಟ್ಟಿಗೆ ಅದು. ಯಾವುದೋ ಬ್ಲಾಕು ಬದಲಾಗಿರಬಹುದು, ಅದರಲ್ಲಿ ಬರೋದಿಲ್ಲ" ಎಂದರು.

ಅವನು ಜೋಡಿಸುತ್ತಲೇ ಹೋದ. ಚಿತ್ರ ಬಂತು.

"ಬಂತಲ್ಲ" ಎಂದರು ದೊಡ್ಡಮ್ಮ. "ಬರೋದಿಲ್ಲ ಅಂತ ನಿಮಗೆ ಹೇಗೆ ಗೊತ್ತಾಯ್ತು, ಮೇಡಂ?"

ದೊಡ್ಡಮ್ಮ ಚೀಲದಿಂದ ಆ ಬ್ಲಾಕು ತೆಗೆದು ಮೇಜಿನ ಮೇಲಿಟ್ಟು ಒಂದೊಂದನ್ನೇ ವಿವರಿಸಿದರು. ಮಗು ಬ್ಲಾಕಿನಲ್ಲಿ ಸಿಗದ ಮುಖವನ್ನು ಬೆಂಕಿಪೊಟ್ಟಣದಲ್ಲಿ ಹುಡುಕುತ್ತಿತ್ತು. ಉಳಿದ ಬ್ಲಾಕುಗಳ ಮೂಲೆಗಳೆಲ್ಲ ಮಕ್ಕಳ ಕೈಯಲ್ಲಿ ಸವೆದು ನುಣುಪಾಗಿದ್ದವು, ಇದರದು ಮಾತ್ರ ಚೂಪು. ಇದಕ್ಕೆ ಅರ್ಧ ಕೆಂಪಿನ ಮುಖವೇ ಇಲ್ಲ. ಹಾಗಾಗಿ ಯಾವ ಜಾಣನಿಗೂ ಆ ಚಿತ್ರ ಬರುತ್ತಿರಲಿಲ್ಲ. ಕೀಲಿ ಇದ್ದದ್ದು ಇಬ್ಬರ ಬಳಿ. ಸಂಶೋಧಕನಿಗೆ ಗೊತ್ತಿದ್ದರೆ ಜೋಡಿಸಲು ಕೂರುವ ಮುನ್ನ ಅನುಮಾನಿಸುತ್ತಿದ್ದ. ಅವನು ಬ್ಲಾಕುಗಳನ್ನು ಎಣಿಸಿದ್ದ, ತಿರುಗಿಸಿ ನೋಡಿರಲಿಲ್ಲ.

"ಮಗು ಸೋತರೆ ನೀವು ಮಗೂನ ನೋಡ್ತೀರಿ" ಎಂದು ದೊಡ್ಡಮ್ಮ ಅವನಿಗೆ ಹೇಳಿದರು. "ಪೆಟ್ಟಿಗೆ ನೋಡೋದನ್ನ ನಿಮಗ್ಯಾರೂ ಕಲಿಸಲಿಲ್ಲ."

ಮುಖ್ಯಸ್ಥೆ ಅಳಲಿಲ್ಲ. ಹೊಸ ಮಕ್ಕಳು ಬರದಿದ್ದರೆ ಶಾಲೆ ಮುಚ್ಚಿಹೋಗುತ್ತಿತ್ತು ಎಂದರು. ಸಾಮಾನ್ಯ ಶಾಲೆಯಲ್ಲಿ ಆ ಕಾಲೊನಿಯ ಮಕ್ಕಳನ್ನು ಹಿಂದಿನ ಬೆಂಚಿಗೆ ತಳ್ಳುತ್ತಾರೆ, ತಮ್ಮಲ್ಲಿ ಊಟವಿದೆ, ಪ್ರೀತಿಯಿದೆ ಎಂದರು. "ನಾನು ಅವಕ್ಕೆ ಒಳ್ಳೇದೇ ಮಾಡಿದೆ" ಎಂದು ಅವರು ಹೇಳಿದ ದನಿಯಲ್ಲಿ ಕಪಟವಿರಲಿಲ್ಲ. ನನಗೆ ಹೆದರಿಕೆಯಾದದ್ದು ಅದಕ್ಕೇ.

ಪುಟ್ಟಿಯ ಹೆಸರನ್ನು ಅಲ್ಲೇ ಕೈಬಿಟ್ಟರು. ಅಜ್ಜಿ ಎದ್ದು, ಮಗುವಿನ ಕೈ ಹಿಡಿದು ಹೊರಟಳು.

ಆಗ ಹುಡುಗಿ ಮೆಲ್ಲಗೆ ಕೇಳಿದಳು: "ಮೇಡಂ, 'ಅವಕ್ಕೆ' ಅಂದ್ರಲ್ಲ. ಪುಟ್ಟಿ ಒಂದೇ ಅಲ್ವಾ? ಅವು ಯಾರು?"

ಮುಖ್ಯಸ್ಥೆ ಕಿಟಕಿಯ ಕಡೆ ತಿರುಗಿದರು. ರಸ್ತೆಯಾಚೆ ಅವರ ಶಾಲೆ. ಮಕ್ಕಳೆಲ್ಲ ಅಂಗಳದಲ್ಲಿ ಸಾಲಾಗಿ, ಸದ್ದಿಲ್ಲದೆ, ಬಹಳ ಶಿಸ್ತಿನಿಂದ ಕೂತಿದ್ದರು.