ಕೊನೆಯ ಸುತ್ತಿನ ಏಟು

ಬಾಗಿಲು ತೆರೆದ ದುರ್ಗಾಪ್ರಸಾದರ ಮುಖ ಕಂಡು ಚೈತನ್ಯಾಳ ನಮಸ್ಕಾರ ಅರ್ಧಕ್ಕೇ ನಿಂತಿತು. ಅವರ ದವಡೆ ಎಡಕ್ಕೆ ಸೊಟ್ಟಗಾಗಿತ್ತು.

"ಭಯ ಬೇಡಮ್ಮಾ, ಲೋಪಲಿಕಿ ರಾ," ಎಂದು ನಕ್ಕು ಒಳಗೆ ಕರೆದರು.

ವಿಶಾಖಪಟ್ಟಣದ ಬ್ಯಾಂಕಿಗೆ ವರ್ಗವಾಗಿ ಬಂದ ಈ ಮೈಸೂರಿನ ಹುಡುಗಿ, ಅಲ್ಲಿನ ಬಂದರಿನಲ್ಲಿ ಕೆಲಸ ಮಾಡುವ ಅವರ ಮಗ ಫಣಿಗೆ ಮನಸೋತಿದ್ದಳು. ಅವನ ತಾಯಿಯೂ ಕನ್ನಡದವರೇ. ಇಂದು ವಿಜಯವಾಡದ ಬೆಂಜ್ ಸರ್ಕಲ್ ಹತ್ತಿರದ ಈ ಮನೆಯವರು ಒಪ್ಪಿದರೆ ಮದುವೆ.

ಫಣಿಗೆ ಒಂದೇ ಹುಚ್ಚು. ಅಪ್ಪ ಫೈಟರ್ ಆಗಿದ್ದ ಹಳೆಯ ಬಾಕ್ಸಿಂಗ್ ಸಿನಿಮಾಗಳ ತೆರೆಮರೆಯ ಕಥೆಗಳನ್ನು ವಿಡಿಯೊ ಮಾಡಿ ಹಾಕುವುದು. ಕಾಫಿ ಬರುವ ಮೊದಲೇ ಟಿವಿ ಹಚ್ಚಿದ. ಆ ಸಿನಿಮಾ ಸರಣಿಯ ಮೂರನೇ ಭಾಗದ ಕೊನೆಯ ಸುತ್ತು.

"ಈ ಏಟು ನಟನೆ ಅಲ್ಲ, ಚೈತು. ಅಪ್ಪನ ದವಡೆ ಅವತ್ತೇ ಮುರೀತು. ಆಮೇಲೆ ಸಿನಿಮಾ ಕೆಲಸವೇ ಸಿಗಲಿಲ್ಲ."

ಹೊಡೆದವನು ಕ್ಯಾಮೆರಾದತ್ತ ತಿರುಗಿದ.

ಚೈತನ್ಯಾ ಟಿವಿಯತ್ತ ಬಗ್ಗಿ ನೋಡಿದಳು. ಆ ಹುಬ್ಬಿನ ಮೇಲಿನ ಗಾಯದ ಗುರುತು... ಅಪ್ಪ! ಮದ್ರಾಸಿನಲ್ಲಿ ಏನೋ ಕೆಲಸದಲ್ಲಿದ್ದೆ ಎಂದಷ್ಟೇ ಹೇಳುತ್ತಿದ್ದ, ಮನೆಯಲ್ಲಿ ಹೊಡೆದಾಟದ ಸಿನಿಮಾ ಹಾಕಲು ಬಿಡದ ಅಪ್ಪ.

'ಈ ಮನೆಗೆ ಯಾವ ಮುಖ ಹೊತ್ತು ಸೊಸೆಯಾಗಿ ಬರಲಿ?'

ತಲೆನೋವೆಂದು ಹೇಳಿ ಎದ್ದವಳು ವಿಶಾಖಪಟ್ಟಣದ ರೈಲು ಹತ್ತಿದಳು. ಫಣಿಯ ಫೋನ್ ಎತ್ತಲಿಲ್ಲ.

ಮರುದಿನ ಸಂಜೆ ಬ್ಯಾಂಕಿನ ಮುಂದೆ ಅವನು ನಿಂತಿದ್ದ.

"ಅಪ್ಪನ ಮುಖ ನೋಡಿ ಅಸಹ್ಯ ಆಯ್ತಾ? ನನ್ನಿಂದಲೇ ಹುಡುಗಿ ಹೋದಳು ಅಂತ ಅವರು ನಿನ್ನೆಯಿಂದ ಊಟ ಬಿಟ್ಟಿದಾರೆ."

ಅವಳು ಬೆಚ್ಚಿಬಿದ್ದಳು. ಹೀಗೂ ಅರ್ಥವಾಗಬಹುದೆಂದು ಅವಳಿಗೆ ಹೊಳೆದೇ ಇರಲಿಲ್ಲ.

"ಅಲ್ಲ ಫಣಿ... ಆ ಏಟು ಕೊಟ್ಟಿದ್ದು ನಮ್ಮಪ್ಪ."

ಫಣಿ ಅಲ್ಲೇ ಮೆಟ್ಟಿಲ ಮೇಲೆ ಕೂತುಬಿಟ್ಟ. ಎಲ್ಲಾ ಮುಗಿಯಿತು ಎಂದುಕೊಂಡಳು.

"ಬರೀ ಅಡ್ಡಹೆಸರು ಹಿಡಿದು ನಾವು ಇಷ್ಟು ವರ್ಷ ಹುಡುಕ್ತಿದ್ದ ಮನುಷ್ಯ... ನಿಮ್ಮಪ್ಪನಾ?"

ಫೋನಿನಲ್ಲಿ ಅದೇ ದೃಶ್ಯ ತೆರೆದ. "ಕೈ ನೋಡಬೇಡ. ಕಾಲು ನೋಡು."

ಹೊಡೆಯುವ ಮುನ್ನ ಅಪ್ಪನ ಎಡಗಾಲು ಎರಡು ಸಲ ನೆಲಕ್ಕೆ ಬಡಿಯಿತು.

"ಫೈಟರ್‌ಗಳ ಪದ್ಧತಿ ಅದು. ಹೊಡೆಯೋನು ಕಾಲು ಬಡೀತಾನೆ, ರಿಂಗಿನ ಹಲಗೆ ಸದ್ದು ಕೇಳಿ ಎದುರಿನವನು ಮುಖ ತಿರುಗಿಸ್ತಾನೆ. ಅವತ್ತು ರಿಂಗಿಗೆ ಹೊಸದಾಗಿ ಸ್ಪಾಂಜ್ ಹಾಸಿದ್ರು. ಸದ್ದೇ ಬರಲಿಲ್ಲ, ನಮ್ಮಪ್ಪ ತಿರುಗಲಿಲ್ಲ. ನಿಮ್ಮಪ್ಪ ಆಸ್ಪತ್ರೆಗೆ ಸೇರಿಸಿ, ಅಳ್ತಾ ಊರು ಬಿಟ್ಟರಂತೆ. ತಪ್ಪು ನಿನ್ನದಲ್ಲ ಅಂತ ಹೇಳೋಕೇ ಅಪ್ಪ ಅವರನ್ನ ಹುಡುಕ್ತಿರೋದು."

ಅವಳ ಕಣ್ಣು ತುಂಬಿ ಬಂತು. ಅಪ್ಪ ಒಬ್ಬನೇ ಹೊತ್ತ ಭಾರ ಇದೇನಾ...

"ವಿಡಿಯೊದಲ್ಲಿ ಎಲ್ಲಾ ಹೇಳಿದ್ದೀನಿ. ನೀನು ಒಂದನ್ನೂ ಪೂರ್ತಿ ನೋಡಿಲ್ಲ, ಅಲ್ವಾ?"

"ಲೈಕ್ ಮಾತ್ರ ಒತ್ತುತ್ತಿದ್ದೆ..."

ಅಳುವಿನ ನಡುವೆ ಇಬ್ಬರಿಗೂ ನಗು ಬಂತು.

"ಮೊದಲು ನಿಮ್ಮಪ್ಪಂಗೆ ಫೋನ್ ಮಾಡು. ನಮ್ಮಪ್ಪ ಊಟ ಮಾಡಬೇಕು."

ಅವಳು ನಂಬರ್ ಒತ್ತುತ್ತಿದ್ದಂತೆ ಫಣಿ ಎದ್ದು, ಕಲ್ಲಿನ ಮೆಟ್ಟಿಲಿಗೆ ಎರಡು ಸಲ ಕಾಲು ಬಡಿದ.

"ಕೇಳಿಸ್ತಾ?"

"ಕೇಳಿಸ್ತು."

"ಹಾಗಾದ್ರೆ ಮುಖ ತಿರುಗಿಸ್ಬೇಕು."

"ತಿರುಗಿಸಲ್ಲ," ಎಂದಳು ಚೈತನ್ಯಾ, ಅವನನ್ನೇ ನೋಡುತ್ತ.