ಬೇಶರಮ ಕಡ್ಡಿ

“ಬರ್ಫೀ, ಬಾ! ಇಲ್ಲಿ ಗಜ್ಜರಿ ಅದ ನೋಡು!”

ಮೊಲ ತಿರುಗಿಯೂ ನೋಡಲಿಲ್ಲ. ಜನಾಳ ತೊಡೆ ಹತ್ತಿ ಕುಳಿತು ಪೇರಲ ಕಡ್ಡಿಯನ್ನು ಕರಕರ ಕಡಿಯತೊಡಗಿತು.

ಕರೆದ ಶಿವಕಾಂತಾಳ ಮೈ ಉರಿಯಿತು. ಬರ್ಫಿ ಅವಳ ಮೊಲ. ಕಾಕಾನ ಮಗಳು ಜನಾ ಔರಾದ ಕಡೆಯ ಹಳ್ಳಿಯಿಂದ ಮೈಲೂರಿನ ಈ ಮನೆಗೆ ಬಂದು ತಿಂಗಳೂ ಆಗಿರಲಿಲ್ಲ. ಕಾಕಾ, ಕಾಕಿ ಮಗಳನ್ನು ಇಲ್ಲಿ ಬಿಟ್ಟು ದುಡಿಯಲು ಪುಣೆಗೆ ಹೋಗಿದ್ದರು.

“ಮಂಚದ ಕಾಲು, ಚಪ್ಪಲಿ, ಎಲ್ಲಾ ಕಡೀತಿತ್ತು ಈ ಮೊಲ. ಜನಾ ಕಡ್ಡಿ ಮಾಡಿಕೊಟ್ಟ ಮ್ಯಾಲೆ ಸುಮ್ನಾಗ್ಯದ. ಎಷ್ಟು ಶಾಣ್ಯಾಕಿ ನೋಡು!” ಅಂದಳು ಅವ್ವ.

“ಅದೇನ್ ದೊಡ್ಡದು? ತೊಳಿಯೋದು, ಕುದಿಸೋದು, ಒಣಗಿಸೋದು. ನಾನೂ ಮಾಡ್ತೇನಿ.”

ಜನಾ ಮುಟ್ಟಿದ ಪೇರಲ ಗಿಡ ಶಿವಕಾಂತಾಳಿಗೆ ಬೇಡವಾಗಿತ್ತು. ಓಣಿಯ ಉಳಿದ ಗಿಡಗಳೆಲ್ಲ ಬಿಸಿಲಿಗೆ ಬೋಳಾಗಿದ್ದವು. ಚರಂಡಿ ಪಕ್ಕದ ಒಂದು ಪೊದೆ ಮಾತ್ರ ಹಸಿರಾಗಿತ್ತು, ತಿಳಿ ನೇರಳೆ ಹೂವೂ ಬಿಟ್ಟಿತ್ತು. ಅದರ ದಪ್ಪ ಕಡ್ಡಿ ಮುರಿದು ತಂದಳು. ಬ್ರಶ್ಶಿನಿಂದ ತಿಕ್ಕಿದಳು. ಟ್ಯಾಂಕರ್ ನೀರನ್ನು ಅವ್ವನಿಗೆ ಕಾಣದಂತೆ ಪಾತೇಲಿ ತುಂಬಾ ತೆಗೆದು ಕುದಿಸಿದಳು. ಮಾಳಿಗೆಯ ಮೇಲೆ ಒಣಗಿಸಿದಳು.

ಕಡ್ಡಿ ಒಣಗಿದ ದಿನ ಅದನ್ನು ಬರ್ಫಿಯ ಮುಂದೆ ಹಿಡಿದಳು. ಮೊಲ ಮೂಸಿತು. ಇನ್ನೇನು ಬಾಯಿ ಹಾಕಬೇಕು, ಜನಾ ಓಡಿಬಂದು ಕಡ್ಡಿ ಕಿತ್ತುಕೊಂಡು ಅಂಗಳಕ್ಕೆ ಎಸೆದಳು.

“ಬೇಶರಮ!” ಎಂದು ಚೀರಿದಳು.

“ನನಗ ಬೇಶರಮ, ನಾಚಿಕಿಗೇಡಿ ಅಂತೀ? ನಮ್ಮ ಮನ್ಯಾಗ ಇದ್ದು, ನಮ್ಮ ರೊಟ್ಟಿ ತಿಂದು! ನೀನೇ ಬೇಶರಮ! ಹೋಗು ನಿಮ್ಮೂರಿಗಿ!” ಶಿವಕಾಂತಾ ಅವಳನ್ನು ನೂಕಿದಳು.

ಜನಾಳ ಬೆನ್ನು ಗೋಡೆಗೆ ಬಡಿಯಿತು. “ನಿನಗಲ್ಲ, ಅಕ್ಕಾ. ಆ ಗಿಡದ ಹೆಸರೇ ಬೇಶರಮ. ವಿಷ ಅದು.”

“ಸುಳ್ಳು! ನಾ ಕುದಿಸೀನಿ.”

“ಕುದಿಸಿದ್ರ ಹೊಲಸು ಹೋಗ್ತದ, ವಿಷ ಹೋಗಲ್ಲ. ನಮ್ಮೂರಾಗ ಹುಲ್ಲು ಒಣಗಿಹೋಗಿತ್ತು. ಹಸರ ಇದ್ದದ್ದು ಇದೊಂದೇ. ನಮ್ಮ ಆಡು ಇದನ್ನೇ ತಿಂದು ಸತ್ತವು. ಅವು ಇದ್ದಿದ್ರ ಅಪ್ಪ ಪುಣೆಗಿ ಯಾಕ ಹೋಗ್ತಿದ್ದ?”

ಶಿವಕಾಂತಾ ಬರ್ಫಿಯನ್ನು ಎತ್ತಿ ಅದರ ಬಾಯಿ ನೋಡಿದಳು. ಏನೂ ಇರಲಿಲ್ಲ. ಆದರೂ ಅದರ ಮೂತಿ ಒರೆಸಿದಳು. ಮೊಲ ಕೊಸರಿಕೊಂಡು ಕೆಳಗಿಳಿದು ಜನಾಳ ಹತ್ತಿರ ಹೋಯಿತು. ಶಿವಕಾಂತಾ ಅದನ್ನು ಮರಳಿ ಕರೆಯಲಿಲ್ಲ.

“ನಿಮ್ಮ ಆಡಿಗಿ ಹೆಸರ ಇದ್ದವೇನ?” ಎಂದು ಕೇಳಿದಳು.

ಜನಾ ಅಲ್ಲೇ ಕುಳಿತು ಬರ್ಫಿಯ ಬೆನ್ನು ಸವರಿದಳು. “ಒಂದರ ಹೆಸರ ಚಾಂದನಿ. ನಾನೇ ಇಟ್ಟಿದ್ದೆ.”

“ಮತ್ತ ಉಳಿದವುಗಳದು?”

ಶಿವಕಾಂತಾ ಅವಳ ಪಕ್ಕದಲ್ಲೇ ಗೋಡೆಗೆ ಒರಗಿ ಕುಳಿತಳು.